ಎರಡು ವರ್ಷ ತುಂಬಿತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಏಜೆಂಟ್ ಲೈಸೆನ್ಸ್ ಕೈಗೆ ಬಂದು ನಿನ್ನೆಗೆ ಎರಡು ವರ್ಷ ತುಂಬಿತು. ಬೆಳಿಗ್ಗೆ ಡೈರಿ ತೆಗೆದಾಗ ಗೊತ್ತಾಯ್ತು. ವಿಮೆಯ ಕೆಲಸದಲ್ಲಿ ಇಷ್ಟು ದಿನ ಉಳಿಯುತ್ತೇನೆ ಅಂತ ನಾನೇ ಅಂದುಕೊಂಡಿರಲಿಲ್ಲ. ಹಳೆಯ ಕೆಲಸ ಯಾಕೆ ಬಿಟ್ಟೆ, ಮೊದಲ ಆರು ತಿಂಗಳು ಮನೆ ಹೇಗೆ ನಡೆಯಿತು ಅನ್ನೋದೆಲ್ಲ ನಿಮಗೆ ಗೊತ್ತಿರುವ ಕಥೆ. ಅದನ್ನು ಮತ್ತೆ ಹೇಳಲ್ಲ. ನಾನು ಕೈ ಚೆಲ್ಲಿ ಕೂತಾಗ ಯಾರು ಪಕ್ಕದಲ್ಲಿದ್ದರು ಅನ್ನೋದನ್ನ ಮಾತ್ರ ಬರೆಯಬೇಕು.

ತರಬೇತಿಯ ಮೊದಲ ದಿನ ನೂರು ಹೆಸರು ಬರೆಯಿರಿ ಅಂದಿದ್ದರು. ಪರಿಚಯ ಇರುವ ಯಾರಾದರೂ ಸರಿ, ನೂರು ಆಗಬೇಕು. ನಾನು 63ಕ್ಕೆ ನಿಂತೆ. ಆ 63 ಜನರಲ್ಲಿ ಪಾಲಿಸಿ ತೆಗೆದುಕೊಂಡವರಿಗೂ, ಬೇಡ ಅಂತ ಮುಖಕ್ಕೇ ಹೇಳಿದವರಿಗೂ ಥ್ಯಾಂಕ್ಸ್. ನಿಜ ಹೇಳ್ತೀನಿ, 'ಬೇಡ' ಅನ್ನೋ ಮಾತು ಎಷ್ಟು ದೊಡ್ಡ ಉಪಕಾರ ಅಂತ ಈ ಕೆಲಸಕ್ಕೆ ಬಂದ ಮೇಲೆ ತಿಳಿಯಿತು. 'ನೋಡೋಣ' ಅಂದವರಿಗಾಗಿ ಕಾದು ಕಾದು ಸೋತಿದ್ದೇ ಜಾಸ್ತಿ. ಮನೆಯನ್ನು ನೋಡಿಕೊಂಡ ನನ್ನವರಿಗೆ, ಎಷ್ಟೇ ತಡವಾದರೂ ಎದ್ದು ಕೂತಿರುತ್ತಿದ್ದ ಅಮ್ಮನಿಗೆ, ತರಬೇತಿ ಕೊಟ್ಟ ಮೇಷ್ಟ್ರಿಗೆ, ತಪ್ಪು ತುಂಬಿದ ಫಾರಂಗಳನ್ನು ಬೈಯದೆ ವಾಪಸ್ ಕೊಟ್ಟು ತಿದ್ದಿಸಿದ ಬ್ರಾಂಚಿನವರಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ಅಕ್ಕ.

ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ನಮ್ಮ ಬ್ರಾಂಚಿನಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯೋದು. ಅವರು ನನ್ನ ಮೇಲಧಿಕಾರಿ ಅಲ್ಲ. ನಾನು ಪಾಲಿಸಿ ಮಾಡಿಸಿದರೆ ಅವರಿಗೆ ಒಂದು ಪೈಸೆ ಬರಲ್ಲ. ಅವರೂ ನನ್ನ ಹಾಗೆ ಏಜೆಂಟ್. ಅನುಭವ ಜಾಸ್ತಿ ಇದೆ, ಅಷ್ಟೇ.

ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲ್ ಆಗಿದ್ದೆ. ವಯಸ್ಸು, ಕಂತು, ಕೋಷ್ಟಕ ಅಂತ ಬಂದರೆ ತಲೆಗೆ ಹೋಗುತ್ತಿರಲಿಲ್ಲ. ಅಕ್ಕ ಒಂದು ಸಂಜೆ ಪುಸ್ತಕ ಮುಚ್ಚಿಸಿ ಕಥೆ ಹೇಳಿದರು. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ ಇದ್ದಾರಲ್ಲ, ಅವರು ಬ್ರೆಸ್ಲಾವ್ ನಗರದ ಹುಟ್ಟು ಸಾವಿನ ಲೆಕ್ಕ ಇಟ್ಟುಕೊಂಡು, ಯಾವ ವಯಸ್ಸಿನಲ್ಲಿ ಎಷ್ಟು ಜನ ಬದುಕಿರುತ್ತಾರೆ ಅಂತ 1693ರಲ್ಲಿ ಪಟ್ಟಿ ಮಾಡಿದರಂತೆ. ಆಮೇಲೆ ಜೇಮ್ಸ್ ಡಾಡ್ಸನ್ ಅಂತ ಒಬ್ಬ ಗಣಿತದ ಮೇಷ್ಟ್ರು. ಲಂಡನ್ನಿನಲ್ಲಿ 1706ರಲ್ಲಿ ಶುರುವಾದ ಅಮಿಕೆಬಲ್ ಸೊಸೈಟಿಗೆ ವಿಮೆ ಕೇಳಿಕೊಂಡು ಹೋದರು. ಅಲ್ಲಿ 45 ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ವಯಸ್ಸಾಯ್ತು ಅಂತ ವಾಪಸ್ ಕಳಿಸಿದರು. ಮನುಷ್ಯ ಸುಮ್ನೆ ಕೂರಲಿಲ್ಲ. ಸೇರುವಾಗ ಇರುವ ವಯಸ್ಸಿಗೆ ತಕ್ಕ ಹಾಗೆ ಕಂತು ಲೆಕ್ಕ ಹಾಕಿದರೆ ಹಿರಿಯರನ್ನೂ ಸೇರಿಸಿಕೊಳ್ಳಬಹುದು, ಆ ಕಂತು ಕೊನೆಯವರೆಗೂ ಏರದ ಹಾಗೆ ಇಡಬಹುದು ಅಂತ ತೋರಿಸಿದರು. ಆದರೆ ಅವರು 1757ರಲ್ಲಿ ತೀರಿಕೊಂಡರು. ಅವರ ಲೆಕ್ಕದ ಮೇಲೆ ನಿಂತ ಈಕ್ವಿಟೆಬಲ್ ಸೊಸೈಟಿ ಶುರುವಾಗಿದ್ದು 1762ರಲ್ಲಿ.

"ಆ ಕೋಷ್ಟಕದ ಹಿಂದೆ ಮನುಷ್ಯರಿದ್ದಾರೆ. ಈಗ ಓದು" ಅಂದರು ಅಕ್ಕ. ಓದಿದೆ. ಎರಡನೇ ಸಲ ಪಾಸಾದೆ.

ಆದರೆ ನಾನು ಇಲ್ಲಿ ಹೇಳಬೇಕಾಗಿರೋದು ಒಂದು ರಾತ್ರಿಯ ವಿಷಯ. ಆ ಮನೆಯವರು ಬರೆಯಿರಿ ಅಂದ ಮೇಲೆಯೇ ಬರೆಯುತ್ತಿದ್ದೇನೆ.

ಅವರದು ನಾನು ಮಾಡಿಸಿದ ಏಳನೇ ಪಾಲಿಸಿ. ಮಗಳ ಜೊತೆ ಓದುವ ಹುಡುಗನ ಅಪ್ಪ. ಫಾರಂ ತುಂಬುವಾಗ ಅವರು ಸ್ವಲ್ಪ ತಡೆದು ಕೇಳಿದ್ದರು, "ಬಿಪಿ ಮಾತ್ರೆ ತಗೋತೀನಿ. ಅದನ್ನೂ ಬರೀಬೇಕಾ?" ನನಗೆ ಆ ತಿಂಗಳ ಟಾರ್ಗೆಟ್ ಮುಗಿಸುವ ಅವಸರ. ಬರೆದರೆ ಮೆಡಿಕಲ್ ಆಗಬೇಕು, ಕಂತು ಏರಬಹುದು, ಅವರು ಬೇಡ ಅನ್ನಬಹುದು. ಅಕ್ಕನನ್ನು ಕೇಳಿದೆ. ಕೇಳಿದ ರೀತಿಯಲ್ಲೇ ನನಗೆ ಯಾವ ಉತ್ತರ ಬೇಕಿತ್ತು ಅಂತ ಅವರಿಗೆ ಗೊತ್ತಾಗಿರಬೇಕು. "ಇವತ್ತು ನೀನು ಖಾಲಿ ಬಿಡೋ ಜಾಗ ನಾಳೆ ಅವರ ಹೆಂಡತಿ ಮುಂದೆ ಬಂದು ನಿಲ್ಲುತ್ತೆ. ಬರಿ" ಅಂದರು. ಪರೀಕ್ಷೆಗೆ ಓದಿದ್ದ, ಇಂಗ್ಲೆಂಡಿನ 1766ರ ಕಾರ್ಟರ್ ಮತ್ತು ಬೋಮ್ ಕೇಸನ್ನೂ ನೆನಪಿಸಿದರು. ವಿಮೆಯಲ್ಲಿ ಮುಚ್ಚುಮರೆ ಇರಬಾರದು ಅಂತ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅದರಲ್ಲಿ ಹೇಳಿದ್ದು ವಿಮೆ ಮಾಡಿಸುವವರಿಗೆ ಮಾತ್ರ ಅಲ್ಲ, ವಿಮೆ ಕೊಡುವವರಿಗೂ. ಆ ಕೇಸಿನಲ್ಲಿ ಗೆದ್ದವರು ವಿಮೆ ಮಾಡಿಸಿದವರೇ. ಬರೆದೆ. ಕಂತು ಏರಿತು. ಅವರು ಎರಡು ದಿನ ಯೋಚನೆ ಮಾಡಿ ಒಪ್ಪಿದರು.

ಒಂದು ವರ್ಷ ಕಳೆಯಿತು. ಎರಡನೇ ವರ್ಷದ ಕಂತು ಕಟ್ಟುವ ದಿನ ಬಂತು. ಈ ಕೆಲಸದಲ್ಲಿ ಕಮಿಷನ್ ಜಾಸ್ತಿ ಸಿಗೋದು ಮೊದಲ ವರ್ಷ. ಆಮೇಲಿನ ವರ್ಷಗಳದು ಸಣ್ಣದು. ಅದಕ್ಕೇ ಹೊಸಬರನ್ನು ಹುಡುಕುವ ಭರದಲ್ಲಿ ಹಳಬರು ಮರೆತುಹೋಗುತ್ತಾರೆ. ಮರೆಯಬಾರದು ಅಂತ ಅಕ್ಕ ನನಗೆ ಒಂದು ಅಭ್ಯಾಸ ಮಾಡಿಸಿದ್ದರು. ಕಂತಿನ ದಿನಕ್ಕೆ 15 ದಿನ ಮುಂಚೆ ಒಂದು ಫೋನು, ಎರಡು ದಿನ ಮುಂಚೆ ಇನ್ನೊಂದು. ಡೈರಿಯಲ್ಲಿ ಎಲ್ಲ ಬರೆದಿಟ್ಟಿದ್ದೆ.

ಆ ಸಲ ನಾನು ಫೋನ್ ಮಾಡಲಿಲ್ಲ.

ಆ ತಿಂಗಳು ಕೆಲಸ ಬಿಡೋದು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಹತ್ತಿರದ ಸಂಬಂಧಿಕರೊಬ್ಬರು ಎಲ್ಲರ ಎದುರಿಗೆ, "ಇವಳು ಬಂದಳು ಅಂದ್ರೆ ಪಾಲಿಸಿ ಬಂತು ಅಂತಾನೇ" ಅಂದಿದ್ದರು. ಎಲ್ಲರೂ ನಕ್ಕರು. ಅವತ್ತಿಂದ ಯಾರಿಗೆ ಫೋನ್ ಮಾಡೋದಕ್ಕೂ ಕೈ ಬರುತ್ತಿರಲಿಲ್ಲ. ಕಾಗದಪತ್ರಗಳನ್ನು ಫೈಲಿಗೆ ಹಾಕೋದನ್ನೂ ಬಿಟ್ಟೆ. ಎಲ್ಲ ಒಂದೇ ಚೀಲಕ್ಕೆ ತುರುಕುತ್ತಿದ್ದೆ.

ಕಂತಿನ ದಿನ ಕಳೆದು 19 ದಿನ ಆಗಿತ್ತು. ರಾತ್ರಿ ಒಂಬತ್ತೂಕಾಲಿಗೆ ಫೋನ್ ಬಂತು. ಅವರ ಹೆಂಡತಿ. "ಸಂಜೆ ಅವರು ಹೋಗಿಬಿಟ್ರು" ಅಂದರು. ಸ್ವಲ್ಪ ಹೊತ್ತು ಇಬ್ಬರಿಗೂ ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಆ ಪಾಲಿಸಿ ಇದೆ ಅಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಆ ಪಾಲಿಸಿಯಲ್ಲಿ ವರ್ಷಕ್ಕೊಮ್ಮೆ ಕಂತು ಕಟ್ಟುವವರಿಗೆ 30 ದಿನ ಗ್ರೇಸ್ ಪೀರಿಯಡ್ ಇದೆ, ಅಂದರೆ ಕಂತಿನ ದಿನ ಕಳೆದ ಮೇಲೂ ಕಟ್ಟೋಕೆ ಇರುವ ಅವಕಾಶ. ಅಷ್ಟರೊಳಗೆ ಸಾವಾದರೆ ಪಾಲಿಸಿ ಜಾರಿಯಲ್ಲೇ ಇರುತ್ತದೆ, ಬಾಕಿ ಕಂತನ್ನು ಹಿಡಿದುಕೊಂಡು ಉಳಿದಿದ್ದನ್ನು ಕೊಡುತ್ತಾರೆ. ತಿಂಗಳಿಗೊಮ್ಮೆ ಕಟ್ಟುವವರಿಗೆ 15 ದಿನ ಮಾತ್ರ. ಅವರು ಮೊದಲು ತಿಂಗಳ ಕಂತು ಕೇಳಿದ್ದರು, ಆಮೇಲೆ ವರ್ಷದ್ದೇ ಇರಲಿ ಅಂದಿದ್ದರು. ನಡುವೆ ಮತ್ತೆ ಒಮ್ಮೆ ತಿಂಗಳಿಗೆ ಬದಲಾಯಿಸೋಣವಾ ಅಂತ ಕೇಳಿದ್ದು ನೆನಪಿತ್ತು. ಬದಲಾಯಿಸಿದ್ದೆವಾ, ಇಲ್ಲವಾ? ತಲೆ ಪೂರ್ತಿ ಖಾಲಿ. ಆ್ಯಪ್ ತೆರೆಯಲಿಲ್ಲ. "ನೋಡಿ ಹೇಳ್ತೀನಿ" ಅಂತ ಫೋನ್ ಇಟ್ಟೆ. ಅಕ್ಕನಿಗೆ ಫೋನ್ ಹಚ್ಚಿದೆ. ಅತ್ತುಬಿಟ್ಟೆ ಅಷ್ಟೇ, ಏನೂ ಹೇಳಲಾಗಲಿಲ್ಲ.

ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದರು. ಬಂದವರು ನನ್ನನ್ನು ಸಮಾಧಾನ ಮಾಡಲಿಲ್ಲ. "ಚೀಲ ಎಲ್ಲಿ?" ಅಂದರು. ನೆಲದ ಮೇಲೆ ಚೀಲ ಸುರಿದರು. ಒಂದು ವರ್ಷದ ಕಾಗದ. ನಾಮಿನಿ ಬದಲಾವಣೆಯ ಅರ್ಜಿ, ಹಳೆಯ ರಸೀದಿ, ಅರ್ಧ ತುಂಬಿದ ಪ್ರಪೋಸಲ್ ಫಾರಂ, ಯಾರದೋ ಫೋಟೋ. ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ಎತ್ತಿ, ಹೆಸರು ಓದಿ, ಗುಡ್ಡೆ ಮಾಡುತ್ತಾ ಹೋದರು. ನನ್ನ ಕೈ ನಡುಗುತ್ತಿತ್ತು. ಸುಕ್ಕಾದ ಹಾಳೆಗಳನ್ನು ಅಂಗೈಯಲ್ಲಿ ಒತ್ತಿ ಸರಿಮಾಡುವ ಕೆಲಸ ಮಾತ್ರ ನನಗೆ ಕೊಟ್ಟರು.

ಹನ್ನೊಂದರ ಹೊತ್ತಿಗೆ ಅವರ ಹೆಂಡತಿಯಿಂದ ಮೆಸೇಜ್ ಬಂತು. 'ನೋಡಿದ್ರಾ?' ನಾನು 'ಇದೆ' ಅಂತ ಟೈಪ್ ಮಾಡಿಬಿಟ್ಟಿದ್ದೆ. ಅಕ್ಕ ಕೈ ಹಿಡಿದರು. "ಗೊತ್ತಾಗೋ ತನಕ ಇದೆ ಅನ್ನಬೇಡ, ಇಲ್ಲ ಅನ್ನಬೇಡ. ಆ ತಾಯಿ ಇವತ್ತು ನಿನ್ನ ಮಾತು ನಂಬಿಕೊಂಡು ಮಲಗ್ತಾಳೆ." ಆಮೇಲೆ ಅವರೇ ಹೇಳಿ ಬರೆಸಿದರು: 'ಹುಡುಕ್ತಾ ಇದೀವಿ. ಬೆಳಿಗ್ಗೆ ನಾನೇ ಬಂದು ಹೇಳ್ತೀನಿ. ಇವತ್ತು ಕಾಗದದ ಚಿಂತೆ ನನಗೆ ಬಿಡಿ.'

ಹನ್ನೆರಡು ದಾಟಿತು. ನಾನು ಕೇಳಿದೆ, "ಅಕ್ಕಾ, ನಾನು ಫೋನ್ ಮಾಡಿದ್ದಿದ್ರೆ ಅವರು ಅವತ್ತೇ ಕಟ್ಟಿರೋರು ಅಲ್ವಾ?" ಪರವಾಗಿಲ್ಲ ಬಿಡು ಅಂತಾರೆ ಅಂದುಕೊಂಡಿದ್ದೆ. "ಹೌದು. ಮಾಡಬೇಕಿತ್ತು. ಅದು ನಿನ್ನ ತಪ್ಪೇ" ಅಂದರು. ಅಂದು ಮುಂದಿನ ಹಾಳೆ ಎತ್ತಿಕೊಂಡರು. ಎದ್ದು ಹೋಗಲಿಲ್ಲ. ತಪ್ಪು ನಿನ್ನದೇ ಅಂತ ಹೇಳಿಯೂ ಜೊತೆಯಲ್ಲೇ ಕೂತವರು ನನ್ನ ಬದುಕಿನಲ್ಲಿ ಅವರೊಬ್ಬರೇ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಒಂದೂ ನಲವತ್ತಕ್ಕೆ ರಸೀದಿ ಸಿಕ್ಕಿತು. ಬೇರೆ ಯಾರದೋ ಫಾರಂ ಒಳಗೆ ಮಡಚಿಕೊಂಡಿತ್ತು. ಅಕ್ಕ ಅದನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದರು. ಕಂತಿನ ವಿಧಾನ: ವಾರ್ಷಿಕ. ಬದಲಾವಣೆಯ ಅರ್ಜಿಯೂ ಸಿಕ್ಕಿತು, ಆದರೆ ಅದಕ್ಕೆ ಸಹಿಯೇ ಆಗಿರಲಿಲ್ಲ, ಕೊಟ್ಟೂ ಇರಲಿಲ್ಲ. ಪಾಲಿಸಿ ಜಾರಿಯಲ್ಲಿತ್ತು. ಗ್ರೇಸ್ ಪೀರಿಯಡ್ ಮುಗಿಯೋದಕ್ಕೆ ಇನ್ನೂ 11 ದಿನ ಇತ್ತು.

ಆ 11 ದಿನ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಅವರು ಹೋಗಿದ್ದು ಇನ್ನೆರಡು ವಾರ ಆದಮೇಲೆ ಆಗಿದ್ದು, ಅಲ್ಲಿಯವರೆಗೂ ನಾನು ಹಾಗೇ ಕೂತಿದ್ದಿದ್ದರೆ? ಅವರು ತಿಂಗಳ ಕಂತಿಗೆ ಸಹಿ ಹಾಕಿಬಿಟ್ಟಿದ್ದರೆ? ಇದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ಬೆಳಿಗ್ಗೆ ಇಬ್ಬರೂ ಅವರ ಮನೆಗೆ ಹೋದೆವು. ಆಮೇಲೆ ಮರಣ ಪ್ರಮಾಣಪತ್ರ, ಕ್ಲೇಮ್ ಫಾರಂ, ಬ್ಯಾಂಕಿನ ವಿವರ, ಎಲ್ಲದಕ್ಕೂ ಓಡಾಡಿದೆ. ಪಾಲಿಸಿ ಆಗಿ ಹೆಚ್ಚು ಕಾಲ ಆಗಿರಲಿಲ್ಲ, ಹಾಗಾಗಿ ಕಂಪನಿಯಿಂದ ವಿಚಾರಣೆಯೂ ಆಯ್ತು. ಮೊದಲು ಕೇಳಿದ್ದೇ ಬಿಪಿ ವಿಷಯ. ನಾನು ಫಾರಂ ಪ್ರತಿಯನ್ನು ತಿರುಗಿಸಿ ತೋರಿಸಿದೆ. ಮಾತ್ರೆಯ ಹೆಸರು, ಎಷ್ಟು ವರ್ಷದಿಂದ, ಎಲ್ಲ ನನ್ನ ಕೈಬರಹದಲ್ಲೇ ಇತ್ತು, ಕೆಳಗೆ ಅವರ ಸಹಿ. ಬಂದವರು ಓದಿ, ಗುರುತು ಹಾಕಿಕೊಂಡು, ಮುಂದಿನ ಪ್ರಶ್ನೆಗೆ ಹೋದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಾಕಿ ಕಂತು ಕಳೆದು ಹಣ ಆ ತಾಯಿಯ ಖಾತೆಗೆ ಬಂತು.

ಆ ತಾಯಿಗೂ ಇಲ್ಲಿ ಒಂದು ಮಾತು ಹೇಳಬೇಕು. ನಾನು ಫೋನ್ ಮಾಡಿರಲಿಲ್ಲ ಅನ್ನೋದನ್ನು ಹಣ ಬಂದ ಮೇಲೆ ಅವರ ಎದುರು ಕೂತು ಹೇಳಿದೆ. ಹೇಳದೆ ಇರಲಾಗಲಿಲ್ಲ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೇರೆಯವರಿಗೆ ಮರೀಬೇಡಮ್ಮ" ಅಂದರು. ನನ್ನನ್ನು ಮನೆಗೆ ಬರಬೇಡ ಅನ್ನಲಿಲ್ಲ. ಅದಕ್ಕೆ ಏನು ಕೊಟ್ಟರೂ ಕಡಿಮೆಯೇ.

ಈಗ ಪ್ರತಿ ದಿನ ಬೆಳಿಗ್ಗೆ ಮೊದಲ ಅರ್ಧ ಗಂಟೆ ಹಳಬರಿಗೆ. ಯಾರ ಕಂತು ಹತ್ತಿರ ಬಂತು, ಯಾರ ನಾಮಿನಿ ಹೆಸರು ಬದಲಾಗಬೇಕು, ಯಾರ ಪಾಲಿಸಿ ನಿಂತುಹೋಗಿದೆ, ಮತ್ತೆ ಜಾರಿ ಮಾಡಿಸಬಹುದಾ. ಹೊಸ ಪಾಲಿಸಿಯ ಮಾತು ಆಮೇಲೆ. ಹೊಸದಾಗಿ ಈ ಕೆಲಸಕ್ಕೆ ಬಂದಿರುವ ಇಬ್ಬರು ಹುಡುಗರು ನನ್ನ ಹತ್ತಿರ ಫಾರಂ ತೋರಿಸೋಕೆ ಬರುತ್ತಾರೆ. 'ಇದನ್ನೂ ಬರೀಬೇಕಾ' ಅಂತ ಕೇಳುತ್ತಾರೆ. ಬರಿ ಅಂತೀನಿ.

ಅಕ್ಕಾ, ಎದುರಿಗೆ ಹೇಳೋಕೆ ಹೋದರೆ ನೀವು ಮಾತು ಬದಲಾಯಿಸ್ತೀರಿ, ಅದಕ್ಕೇ ಇಲ್ಲಿ ಬರೆದೆ. ಅವತ್ತು ನೀವು ಮರೆತು ಹೋದ ಕನ್ನಡಕದ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಆ ಫೈಲಿನ ಪಕ್ಕದಲ್ಲೇ. ಎರಡು ಸಲ ಕೇಳಿದಿರಿ, ಎರಡು ಸಲವೂ ಸಿಗಲಿಲ್ಲ ಅಂದೆ. ಸಿಕ್ಕಿತ್ತು ಅಕ್ಕಾ. ಕೊಡೋಕೆ ಮನಸ್ಸು ಬಂದಿರಲಿಲ್ಲ. ಶನಿವಾರ ತರ್ತೀನಿ.