ಗೆಳೆಯನಿಗೊಂದು ಪತ್ರ: ವಿಕ್ಟರ್ ತಟ್ಟಿದ ಚಪ್ಪಾಳೆ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ‘ಫ್ರಾಂಕನ್‌ಸ್ಟೈನ್ ಅಂದ್ರೆ ನಮ್ಮ ಭಸ್ಮಾಸುರನ ಕಥೆ ಅಷ್ಟೇ ಕಣೋ’ ಅಂದೆ. ನಾನೂ ಹೂಂ ಅಂದುಬಿಟ್ಟೆ. ಆಮೇಲೆ ಯಾಕೋ ಮನಸ್ಸು ಒಪ್ಪಲಿಲ್ಲ. ರಾತ್ರಿ ಮೇರಿ ಶೆಲ್ಲಿಯ ಆ ಕಾದಂಬರಿ ತೆಗೆದು ಮತ್ತೆ ಓದಿದೆ. ಭಸ್ಮಾಸುರ ವರ ಬೇಡಿ ಪಡೆದವನು, ಕೊಟ್ಟವನ ತಲೆಗೇ ಕೈ ಚಾಚಿದವನು. ವಿಕ್ಟರ್ ಫ್ರಾಂಕನ್‌ಸ್ಟೈನ್ ಜೋಡಿಸಿ ಜೀವ ಕೊಟ್ಟ ಈ ಬಡಪಾಯಿ ಏನು ಬೇಡಿದ್ದ? ಹುಟ್ಟಿಸು ಅಂತಲೂ ಕೇಳಿರಲಿಲ್ಲ.

ಆ ನವೆಂಬರ್ ರಾತ್ರಿ ನೆನಪಿದೆಯಾ? ಇಂಗೋಲ್‌ಸ್ಟಾಟ್ ಊರು, ಹೊರಗೆ ಮಳೆ, ಒಳಗೆ ಉರಿದು ಮುಗಿಯುತ್ತಾ ಬಂದ ಮೇಣದಬತ್ತಿ. ಸುಮಾರು ಎರಡು ವರ್ಷ ನಿದ್ದೆಗೆಟ್ಟು ಎಂಟಡಿ ಎತ್ತರದ ದೇಹ ಜೋಡಿಸಿದ ವಿಕ್ಟರ್, ಅದು ಕಣ್ಣು ಬಿಟ್ಟ ಕೂಡಲೇ ಮಲಗುವ ಕೋಣೆಗೆ ಓಡುತ್ತಾನೆ. ಆಗಷ್ಟೇ ಜೀವ ಬಂದ ಬಡಪಾಯಿ ಅಲ್ಲಿಗೂ ಬರುತ್ತಾನೆ. ಮಂಚದ ಪರದೆ ಎತ್ತಿ ನೋಡುತ್ತಾನೆ. ಏನೋ ತೊದಲುತ್ತಾನೆ, ಹಲ್ಲು ಬಿಡುತ್ತಾನೆ, ಒಂದು ಕೈ ಚಾಚುತ್ತಾನೆ. ಮಲಗಿದ ಅಪ್ಪನನ್ನು ಎಬ್ಬಿಸಲು ಬಂದ ಮಗು ಮಾಡುವುದೂ ಇಷ್ಟೇ ಅಲ್ವಾ? ಈ ಅಪ್ಪ ಮಾತ್ರ ಮೆಟ್ಟಿಲಿಳಿದು ಪರಾರಿ.

ಹೋಗಲಿ, ಹೆದರಿದ ಅನ್ನೋಣ. ನನಗೆ ಸಿಟ್ಟು ಬಂದದ್ದು ಮರುದಿನದ್ದಕ್ಕೆ. ಗೆಳೆಯ ಕ್ಲೆರ್ವಲ್‌ನನ್ನು ಕೆಳಗೆ ನಿಲ್ಲಿಸಿ ವಿಕ್ಟರ್ ಮೇಲೆ ಹತ್ತುತ್ತಾನೆ. ಕೋಣೆ ಖಾಲಿ. ಖುಷಿಯಿಂದ ಚಪ್ಪಾಳೆ ತಟ್ಟುತ್ತಾನೆ! ಎಲ್ಲಿ ಹೋದ, ಈ ಚಳಿಯಲ್ಲಿ ಏನಾದ, ಒಂದು ಮಾತಿಲ್ಲ.

ಆ ಚಪ್ಪಾಳೆಯನ್ನು ಮೇರಿ ಶೆಲ್ಲಿ ಸುಮ್ನೆ ಬರೆದಿಲ್ಲ ಅನಿಸುತ್ತದೆ. ಇವಳನ್ನು ಹೆತ್ತು ಕೆಲವೇ ದಿನಕ್ಕೆ ತಾಯಿ ತೀರಿಹೋಗಿದ್ದಳು. 1815ರಲ್ಲಿ ದಿನ ತುಂಬದೆ ಹುಟ್ಟಿದ ಮೊದಲ ಮಗು ಎರಡು ವಾರ ತುಂಬುವ ಮೊದಲೇ ಹೋಯಿತು. ಬೆಂಕಿಯ ಮುಂದೆ ಮೈ ಉಜ್ಜಿದೆವು, ಮಗು ಬದುಕಿಕೊಂಡಿತು ಅಂತ ಬಿದ್ದ ಕನಸನ್ನು ಡೈರಿಯಲ್ಲಿ ಬರೆದಿಟ್ಟಿದ್ದಾಳೆ. ಮರುವರ್ಷ ಜಿನೀವಾ ಸರೋವರದ ದಡದಲ್ಲಿ ಈ ಕಥೆ ಶುರು ಮಾಡಿದಾಗ ಅವಳಿಗೆ ಬರೀ 18.

ಇನ್ನೊಂದು, ನೀನು ಗಮನಿಸಿದೆಯೋ ಇಲ್ಲವೋ. ಮನೆ ಬಿಡುವಾಗ ಆ ಬಡಪಾಯಿ ಚಳಿ ಅಂತ ವಿಕ್ಟರನ ಬಟ್ಟೆ ಹಾಕಿಕೊಂಡು ಹೋಗಿರುತ್ತಾನೆ. ಜೇಬಿನಲ್ಲಿ ಒಂದಷ್ಟು ಕಾಗದ. ಯಾರದೋ ಮನೆಗೆ ತಾಗಿದ ಗೂಡಿನಲ್ಲಿ ಅಡಗಿ, ಸಂದಿಯಿಂದ ನೋಡಿ ನೋಡಿ ಓದು ಕಲಿತ ಮೇಲೆ ಅದನ್ನು ಬಿಡಿಸುತ್ತಾನೆ. ತನ್ನನ್ನು ಜೋಡಿಸಿದ ಕೊನೆಯ ನಾಲ್ಕು ತಿಂಗಳ ದಿನಚರಿ! ಅಸಹ್ಯವೆಲ್ಲ ಅದರಲ್ಲಿದೆ. ಹೆಸರಂತೂ ಇಡಲಿಲ್ಲ, ಸಿಕ್ಕ ಜಾತಕ ಇದೊಂದೇ.

ಅವನ ಕೊಲೆಗಳನ್ನು ನಾನು ಸರಿ ಅನ್ನುತ್ತಿಲ್ಲ. ವಿಕ್ಟರನ ಪುಟ್ಟ ತಮ್ಮ ವಿಲಿಯಂನ ಕತ್ತು ಹಿಸುಕಿದ್ದು ಅವನೇ. ಆದರೆ ಅದಕ್ಕೆ ಗಲ್ಲಿಗೇರಿದ್ದು ಆ ಮನೆಯಲ್ಲೇ ಬೆಳೆದ ಜಸ್ಟೀನ್. ಕೊಂದವನು ಯಾರು ಅಂತ ವಿಕ್ಟರನಿಗೆ ಗೊತ್ತು. ಹೇಳಿದರೆ ಹುಚ್ಚ ಅಂತಾರೆ ಅಂತ ಬಾಯಿ ಮುಚ್ಚಿಕೊಂಡ. ಸಾಯುವಾಗಲೂ ಹಡಗಿನ ನಾಯಕ ವಾಲ್ಟನ್‌ಗೆ ಹೇಳುತ್ತಾನೆ, ನಾನು ನಡೆದುಕೊಂಡದ್ದರಲ್ಲಿ ತಪ್ಪು ಕಾಣುತ್ತಿಲ್ಲ ಅಂತ. ವಿಕ್ಟರನ ಹೆಣದ ಮುಂದೆ ನಿಂತು ಗೋಳಾಡಿದವನು ಆ ಹೆಸರಿಲ್ಲದವನು.

ಪುಸ್ತಕ ನಿನ್ನದೇ, ಭಾನುವಾರ ತಂದುಕೊಡುತ್ತೇನೆ. ಚಪ್ಪಾಳೆಯ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದೇನೆ, ಬೀಳಿಸಬೇಡ.

ಇತಿ,
ನಿನ್ನ ಗೆಳೆಯ