ಹೊಸ ಹಾಡಿನ ಬಿಡುಗಡೆ: ಬಳಗದವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಆನ್‌ಲೈನಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನ ಸಂಪಾದಕರು ಆರಿಸುವ ಪ್ಲೇಲಿಸ್ಟ್‌ಗಳ ಪರಿಗಣನೆಗೆ ಇನ್ನೂ ಬಿಡುಗಡೆಯಾಗದ ಹಾಡನ್ನಷ್ಟೇ ಕಳುಹಿಸಲು ಅವಕಾಶವಿರುವುದರಿಂದ, ನಮ್ಮ ಬ್ಯಾಂಡಿನ ಹೊಸ ಹಾಡಿನ ಮಿಕ್ಸಿಂಗನ್ನು (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸವನ್ನು) ಬಿಡುಗಡೆಗೆ 3 ವಾರ ಮೊದಲೇ ಮುಗಿಸಿಕೊಡಬೇಕೆಂದು ವಾದಕ ಮಿತ್ರರಲ್ಲಿ ವಿನಂತಿಸುತ್ತೇನೆ.

2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಲ್ಪಡದ ಹಾಡಿಗೆ ರಾಯಧನ ಸಿಗುವುದಿಲ್ಲ. 30 ಸೆಕೆಂಡಿನೊಳಗೆ ನಿಲ್ಲಿಸಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಕೊಂಡಿಯನ್ನು ಸಿಕ್ಕ ಗುಂಪುಗಳಿಗೆಲ್ಲ ರವಾನಿಸುವುದಕ್ಕಿಂತ, ಹಾಡನ್ನು ಪೂರ್ತಿ ಕೇಳುವ ಹತ್ತು ಮಂದಿಗೆ, ಅದು ಹುಟ್ಟಿದ ಬಗೆಯನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸುವುದೇ ಮೇಲೆಂದು ನಾನು ನಂಬಿದ್ದೇನೆ. ಹಣಕ್ಕೆ ಕೇಳುಗರನ್ನು ಒದಗಿಸುತ್ತೇವೆನ್ನುವವರನ್ನು ದಯವಿಟ್ಟು ಯಾರೂ ಒಪ್ಪಬೇಡಿ. ಕೃತಕ ಕೇಳುವಿಕೆ ಪತ್ತೆಯಾದರೆ ಹಾಡನ್ನೇ ತೆಗೆದುಹಾಕಬಹುದು, ನಮ್ಮ ಇಷ್ಟು ದಿನಗಳ ಶ್ರಮ ಹಾಗೆ ಹೋಗಬಾರದು. ಹಾಡಿನ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಸೇರಿಸುತ್ತಿದ್ದು, ಕಾಗುಣಿತ ನೋಡಿಕೊಡುವವರು ಶನಿವಾರದೊಳಗೆ ತಿಳಿಸಿ.