ಭೀಮೆಯ ತನಕ ನಡೆದು ಬಂದೆ, ಅವ್ವಾ

ಹಡಪಸರ, ಪುಣೆ
ಡಿಸೆಂಬರ್ 2025

ಪ್ರೀತಿಯ ಅವ್ವಾ,

ನಿನಗೂ ಅಪ್ಪನಿಗೂ ನಮಸ್ಕಾರ. ಇಲ್ಲಿ ನಾವು ಮೂವರೂ ಆರಾಮ ಇದ್ದೇವೆ. ಎಳ್ಳ ಅಮಾಸಿಗೆ ಊರಿಗೆ ಬರಲಿಲ್ಲ, ಹೊಲದಲ್ಲಿ ಚರಗ ಚೆಲ್ಲುವಾಗ ನಾನಿರಲಿಲ್ಲ ಅಂತ ನಿನಗೆ ಬೇಜಾರಾಗಿದೆ, ಗೊತ್ತು. ಇದ್ದ ರಜೆಯೆಲ್ಲ ಪುಣೆಯಿಂದ ಪಂಢರಪುರದ ತನಕದ ಈ ನಡಿಗೆಗೇ ಹೋಯಿತು. ಪಂಢರಪುರದಿಂದ ಫೋನ್ ಮಾಡಿದಾಗ ನೀನು ಒಂದೇ ಉಸಿರಿಗೆ ಕೇಳಿದೆ: "ಬಸ್ಸಿಲ್ಲೇನು? ಜೋಡಿ ಹೋಗಾಕ ದಿಂಡಿ ಇಲ್ಲೇನು? ಒಬ್ಬಾಕಿನೇ ಯಾಕ ಹೋದಿ?" ಆಮೇಲೆ ನೀನು ಅತ್ತುಬಿಟ್ಟೆ. ಗದ್ದಲದಲ್ಲಿ ನಿಂತು ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ. ತಮ್ಮನ ಕೈಯಲ್ಲಿ ನಿಧಾನವಾಗಿ ಓದಿಸು.

ಆಷಾಢದಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಹೊರಟು ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ. ಆಗ ಊರ ತುಂಬ ಪಂಢರಪುರದ ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ವಾರಕರಿಗಳು. ಉಚಿತ ಶಿಬಿರದಲ್ಲಿ ಅವರ ಕಾಲು ನೋಡುವ ಕೆಲಸವನ್ನು ಮೂರು ವರ್ಷದಿಂದ ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೇನೆ. ಎದುರಿಗೆ ಕೂತವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ತೊಳೆಯಬೇಕು, ಗುಳ್ಳೆಗೆ ಔಷಧ ಹಚ್ಚಬೇಕು, ಪಟ್ಟಿ ಕಟ್ಟಬೇಕು. ಮುಖ ನೋಡುವಷ್ಟೂ ಪುರುಸೊತ್ತು ಇರುವುದಿಲ್ಲ. ಬರೀ ಕಾಲು, ಬರೀ ಕಾಲು.

ಹೋದ ಆಷಾಢದಲ್ಲಿ ಅಕ್ಕಲಕೋಟ ಕಡೆಯ ಒಬ್ಬ ಅಜ್ಜಿ ಬಂದಿದ್ದಳು. ಹಿಮ್ಮಡಿಯ ಸೀಳು ಎಷ್ಟು ಆಳವಿತ್ತೆಂದರೆ ಅದರೊಳಗೆ ಸಣ್ಣ ಹರಳು ಸಿಕ್ಕಿಕೊಂಡಿತ್ತು. ಚಿಮಟದಿಂದ ತೆಗೆಯುತ್ತ, "ಇನ್ನೂ 200 ಕಿಲೋಮೀಟರ್ ಹೇಗೆ ನಡೆಯುತ್ತೀರಿ?" ಅಂತ ಮರಾಠಿಯಲ್ಲಿ ಕೇಳಿದೆ. ನನ್ನ ಮರಾಠಿ ಕೇಳಿದ ಕೂಡಲೇ ಅವಳಿಗೆ ನಾನು ಯಾರು ಅಂತ ಗೊತ್ತಾಯಿತು. "ದೂರ ಯಾಕ ಕೇಳ್ತಿ ಮಗಳ, ದಾರಿ ಭಾಳ ಚಂದ ಅದ" ಅಂದಳು, ನಮ್ಮ ಮಾತಿನಲ್ಲೇ. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಇಷ್ಟು ಸಾವಿರ ಕಾಲು ನೋಡಿದ್ದೇನೆ, ಅವು ಹೋಗುವ ದಾರಿ ನೋಡಿಲ್ಲವಲ್ಲ ಅನ್ನಿಸಿತು.

ಆಷಾಢದಲ್ಲಿ ನಮಗೆ ರಜೆ ಸಿಗುವುದಿಲ್ಲ. ಹಾಗಾಗಿ ಡಿಸೆಂಬರ್. ಒಬ್ಬಳೇ ಯಾಕೆ ಅಂದರೆ, ಅವ್ವಾ, ವಾರ್ಡಿನಲ್ಲಿ ಹಗಲು ರಾತ್ರಿ ಯಾರಾದರೂ "ಸಿಸ್ಟರ್, ಸಿಸ್ಟರ್" ಅಂತ ಕರೆಯುತ್ತಲೇ ಇರುತ್ತಾರೆ. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ನನ್ನ ಹೆಜ್ಜೆಯ ಸಪ್ಪಳ ನಾನು ಕೇಳಿಯೇ ಇರಲಿಲ್ಲ. ದಿಂಡಿಯಲ್ಲಿ ಹೋಗುವ ಸುಖ ಬೇರೆ, ಅದು ನನಗೂ ಬೇಕು. ಈ ಸಲ ಮಾತ್ರ ಒಬ್ಬಳೇ ಹೋಗಬೇಕಿತ್ತು.

ನಿಮ್ಮ ಅಳಿಯ ಗಾಡಿತಳದ ತನಕ ಬಂದು ಬಿಟ್ಟುಹೋದರು. ಬೆಳಗಿನ ಐದು ಗಂಟೆ. ಹುಣ್ಣಿಮೆ ಮುಗಿದು ನಾಲ್ಕು ದಿನವಾಗಿತ್ತು, ಚಂದ್ರ ಇನ್ನೂ ದೊಡ್ಡದಾಗಿಯೇ ಇದ್ದ. ಹನ್ನೊಂದು ದಿನವೂ ನಾನು ಹೊರಡುವ ಹೊತ್ತಿಗೆ ಅವನನ್ನು ನೋಡುತ್ತಿದ್ದೆ. ದಿನಾ ಸವೆಯುತ್ತಾ, ಕೊನೆಗೆ ಉಗುರಿನಷ್ಟಾದ. ಬೆನ್ನಿಗೆ ಒಂದು ಚೀಲ. ಎರಡು ಜೊತೆ ಬಟ್ಟೆ, ಒಂದು ದುಪ್ಪಟಿ, ನೀರು, ಪಟ್ಟಿ ಕಟ್ಟುವ ಸಾಮಾನು, ನೀನು ಕೊಟ್ಟ ಶೇಂಗಾ ಹಿಂಡಿ. ದಿವೆ ಘಾಟ್ ಹತ್ತುವಾಗ ಮಾತ್ರ ಹೊಟ್ಟೆಯಲ್ಲಿ ಅಳುಕಿತು. ಮೇಲೆ ಹೋಗಿ ತಿರುಗಿ ನೋಡಿದರೆ ಇಡೀ ಪುಣೆ ಮಂಜಿನಲ್ಲಿ ಮುಳುಗಿತ್ತು. ಘಾಟ್ ದಾಟಿದರೆ ಗಾಳಿಯೇ ಬೇರೆ, ಒಣ ಗಾಳಿ, ನಮ್ಮ ಕಡೆಯದರ ಹಾಗೆ. ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇದೆ. ಮೊದಲ ರಾತ್ರಿ ಅಲ್ಲಿಯ ಒಂದು ಧರ್ಮಶಾಲೆಯಲ್ಲಿ ಮಲಗಿದೆ.

ಎರಡನೆಯ ದಿನ ಜೇಜೂರಿ. ಇದನ್ನು ನಿನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗುಡ್ಡದ ಮೇಲೆ ಖಂಡೋಬನ ಗುಡಿ. ಮೆಟ್ಟಿಲು, ಗೋಡೆ, ಕಲ್ಲಿನ ದೀಪಮಾಲೆ, ನಾಯಿಯ ಬೆನ್ನು, ಎಲ್ಲದರ ಮೇಲೂ ಅರಿಶಿನ. ಜನ ಮುಷ್ಟಿಯಲ್ಲಿ ಭಂಡಾರ ತೂರುತ್ತ "ಯೇಳಕೋಟ ಯೇಳಕೋಟ ಜಯ ಮಲ್ಹಾರ" ಅಂತ ಕೂಗುತ್ತಾರೆ. ಪಕ್ಕದಲ್ಲಿದ್ದ ಹೆಂಗಸನ್ನು ಯೇಳಕೋಟ ಅಂದರೆ ಏನು ಅಂತ ಕೇಳಿದೆ. ದೇವರ ಹೆಸರು ಅಂದಳು. ಅವ್ವಾ, ಅದು ನಮ್ಮ ಏಳು ಕೋಟಿ! ಸಂಕ್ರಾಂತಿಗೆ ಅಪ್ಪ ನಮ್ಮನ್ನು ಯಾದಗಿರಿ ಹತ್ತಿರದ ಮೈಲಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರಲ್ಲ, ಅಲ್ಲಿ ನಾವು ಗಂಟಲು ಕಟ್ಟುವ ಹಾಗೆ "ಏಳು ಕೋಟಿ, ಏಳು ಕೋಟಿ" ಅಂತ ಕೂಗುತ್ತಿದ್ದೆವಲ್ಲ, ಅದೇ ಮಾತು. ನಮ್ಮ ಮೈಲಾರನೇ ಇವರ ಖಂಡೋಬ. ದೇವರ ಸೇವೆಗೆ ನಿಂತವರು ಅಲ್ಲಿ ಗೊರವಯ್ಯ, ಇಲ್ಲಿ ವಾಘ್ಯಾ. ಇಬ್ಬರ ಕೈಯಲ್ಲೂ ಅರಿಶಿನದ ಚೀಲ. ಆ ಹೆಂಗಸಿಗೆ ಬೆರಳಿನಲ್ಲಿ ಎಣಿಸಿ ತೋರಿಸಿದೆ: ಒಂದು, ಎರಡು, ಮೂರು, ಏಳು. ಅವಳು ಕಣ್ಣರಳಿಸಿ ತನ್ನ ಮಗಳನ್ನು ಕರೆದು, "ಇವರ ಭಾಷೆಯಲ್ಲಿ ಏಳು ಅಂದರೆ ಸಾತ್ ಅಂತೆ" ಅಂತ ಹೇಳಿದಳು. ನನ್ನ ಕೆನ್ನೆಗೆ ಭಂಡಾರ ಹಚ್ಚಿದಳು. ಎರಡು ದಿನ ಮುಖ ತೊಳೆದರೂ ಅದು ಪೂರ್ತಿ ಹೋಗಲಿಲ್ಲ.

ಮೂರನೆಯ ದಿನ ನೀರಾ. ಇಲ್ಲಿ ಹೊಳೆ ದಾಟಿದರೆ ಪುಣೆ ಜಿಲ್ಲೆ ಮುಗಿದು ಸಾತಾರ ಜಿಲ್ಲೆ ಶುರು. ಆಷಾಢದಲ್ಲಿ ಜ್ಞಾನೇಶ್ವರರ ಪಾದುಕೆಗೆ ಇದೇ ಹೊಳೆಯಲ್ಲಿ ಸ್ನಾನ ಮಾಡಿಸುತ್ತಾರೆ. ಸೇತುವೆ ಮೇಲೆ ಬಹಳ ಹೊತ್ತು ನಿಂತಿದ್ದೆ. ಈ ನೀರಾ ಮುಂದೆ ನರಸಿಂಗಪುರದ ಹತ್ತಿರ ನಮ್ಮ ಭೀಮೆಗೆ ಸೇರುತ್ತದೆ. ನಾನು ಪುಣೆಯಲ್ಲಿ ದಿನಾ ಡ್ಯೂಟಿಗೆ ಹೋಗುವಾಗ ದಾಟುವ ಮುಠಾ ಹೊಳೆಯೂ ಮುಳಾ ಜೊತೆ ಕೂಡಿ ಭೀಮೆಗೇ ಹೋಗುತ್ತದೆ. ಅಲ್ಲಿಂದ ಪಂಢರಪುರ, ಆಮೇಲೆ ಅಫಜಲಪುರ, ನಮ್ಮೂರಿನ ಘಾಟು. ಇಷ್ಟು ವರ್ಷ ಪರ ಊರಿನಲ್ಲಿದ್ದೇನೆ ಅಂತ ಅಂದುಕೊಂಡಿದ್ದೆ. ನೀನು ಬಟ್ಟೆ ಒಗೆಯುವ ನೀರು ನನ್ನ ಮುಂದೆ ಹಾದು ಬಂದದ್ದು ಅನ್ನುವುದು ಹೊಳೆಯಲೇ ಇಲ್ಲ.

ಗುಳ್ಳೆ ಎದ್ದದ್ದು ತರಡಗಾವ್ ಮುಟ್ಟುವ ಹೊತ್ತಿಗೆ. ಎಡಗಾಲಿನ ಕಿರುಬೆರಳ ಹತ್ತಿರ, ಗಜ್ಜುಗದಷ್ಟು. ಎರಡು ಕಾಲುಚೀಲ ಹಾಕಿಕೊಂಡಿದ್ದೆ, ಆದರೂ ಎದ್ದಿತು. ರಸ್ತೆಯ ಪಕ್ಕದ ಒಂದು ಮನೆಯಲ್ಲಿ ನೀರು ಕೇಳಿದೆ. ಒಬ್ಬ ಆಜಿ ಒಳಗೆ ಕರೆದು ಕೂರಿಸಿದಳು. ಬಿಸಿನೀರು ತಂದು ನಾನು ಬೇಡ ಬೇಡ ಅಂದರೂ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಅಷ್ಟು ಜನಕ್ಕೆ ಮಾಡಿದ್ದನ್ನು ನನಗೆ ಯಾರೂ ಮಾಡಿರಲಿಲ್ಲ. ಅವಳ ಬೆರಳು ಒರಟು, ಹಿಡಿತ ಮಾತ್ರ ಹಗುರ. "ಮಾವುಲಿ, ನಿಂದು ಪಾದ ಅಲ್ಲ, ವಾರಿಯ ಪಾದ" ಅಂದಳು. ವಾರಿ ಅಂದರೆ ಪಂಢರಪುರಕ್ಕೆ ಹೋಗುವ ಈ ನಡಿಗೆ. ಈ ದಾರಿಯಲ್ಲಿ ಎಲ್ಲರೂ ಎಲ್ಲರನ್ನೂ ಮಾವುಲಿ ಅನ್ನುತ್ತಾರೆ. ಮಾವುಲಿ ಅಂದರೆ ತಾಯಿ. ಗಂಡಸರನ್ನೂ ಹಾಗೇ ಕರೆಯುತ್ತಾರೆ. ನನ್ನ ಕಣ್ಣು ತುಂಬಿ ಬಂತು.

ಅವಳ ಸೊಸೆ ಜೋಳದ ಭಾಕರಿ ಬಡಿಯುತ್ತಿದ್ದಳು. ಪರಾತದಲ್ಲಿ ಹಿಟ್ಟು ನಾದಿ, ಒಂದೇ ಕೈಯಲ್ಲಿ ತಟ್ಟುತ್ತ ತಿರುಗಿಸುವ ಆ ಸಪ್ಪಳ ನಿನ್ನ ಅಡುಗೆಮನೆಯದೇ. ನಾನೂ ಒಂದು ಬಡಿದೆ. ನಮ್ಮದು ತೆಳ್ಳಗೆ, ಅವರದು ಸ್ವಲ್ಪ ದಪ್ಪ. ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕಿದಾಗ ಉಬ್ಬಿತು. ಸೊಸೆ ಚಪ್ಪಾಳೆ ತಟ್ಟಿದಳು. ಪಿಠಲೆ, ಹಸಿಮೆಣಸಿನ ಠೇಚಾ, ಉಳ್ಳಾಗಡ್ಡಿ. ಪಿಠಲೆ ಅಂದರೆ ನಮ್ಮ ಝುಣಕ ತೆಳ್ಳಗಾದ ಹಾಗೆ. ಅಂಥ ಊಟ ನಾನು ಪುಣೆಯಲ್ಲಿ ಉಂಡಿಲ್ಲ. ದುಡ್ಡು ಕೊಡಲು ಹೋದರೆ ಆಜಿ ಸಿಟ್ಟಾದಳು. ಕೊನೆಗೆ ಅವಳ ಬಿಪಿ ನೋಡಿ, ಗುಳಿಗೆ ಯಾವಾಗ ತೆಗೆದುಕೊಳ್ಳಬೇಕು ಅಂತ ಸೊಸೆಗೆ ಬರೆದುಕೊಟ್ಟು ಬಂದೆ.

ಫಲಟಣ, ಬರಡ, ನಾತೇಪುತೆ. ಈ ಮೂರು ದಿನ ಬರೀ ರಸ್ತೆ. ಪಾಲಖಿ ಮಾರ್ಗವನ್ನು ಈಗ ರಾಷ್ಟ್ರೀಯ ಹೆದ್ದಾರಿ ಮಾಡಿದ್ದಾರೆ, ನಂಬರ್ 965. ಅಗಲ ಮಾಡುವಾಗ ಹಳೆಯ ಮರ ಎಷ್ಟೋ ಹೋಗಿವೆ. ಗಾಡಿಯವರಿಗೆ ಅನುಕೂಲ, ನಡೆಯುವವರಿಗೆ ನೆರಳಿಲ್ಲ. ಹನ್ನೊಂದು ಗಂಟೆಯ ಬಿಸಿಲಿಗೆ ಕಾಂಕ್ರೀಟ್ ಹಂಚಿನ ಹಾಗೆ ಕಾಯುತ್ತದೆ. ಒಂದು ಬೇವಿನ ಮರ ಕಂಡರೆ ಸಾಕು, ಅದರ ಕೆಳಗೆ ಆಗಲೇ ನಾಲ್ಕು ಜನ ಇರುತ್ತಿದ್ದರು.

ಒಂದು ಸಂಜೆಯ ವಿಷಯ ನಿನ್ನಿಂದ ಮುಚ್ಚಿಡುವುದಿಲ್ಲ. ಬರಡ ದಾಟಿದ ಮೇಲೆ ಒಂದು ಬೈಕು ಮೂರು ಸಲ ನನ್ನ ಪಕ್ಕ ನಿಧಾನವಾಗಿ ಹಾದುಹೋಯಿತು. ಕತ್ತಲಾಗುತ್ತಿತ್ತು. ಎದೆ ಹೊಡೆದುಕೊಳ್ಳಲು ಶುರುವಾಯಿತು. ಹೊಲದ ನಡುವೆ ದೀಪ ಕಂಡ ಒಂದು ಮನೆಗೆ ಸೀದಾ ಹೋದೆ. ಮನೆಯಾಕೆ ಏನೂ ಕೇಳದೆ ಬಾಗಿಲು ತೆರೆದಳು. ಅವಳ ಗಂಡ ಬ್ಯಾಟರಿ ಹಿಡಿದು ರಸ್ತೆ ತನಕ ಹೋಗಿ ನಿಂತರು. ಬೈಕು ಮತ್ತೆ ಬರಲಿಲ್ಲ. ಆವತ್ತು ಅಲ್ಲೇ ಮಲಗಿದೆ. ಮರುದಿನದಿಂದ ನಾಲ್ಕು ಗಂಟೆಯ ಮೇಲೆ ಒಂದು ಹೆಜ್ಜೆಯೂ ನಡೆಯಲಿಲ್ಲ. ಅಷ್ಟು ಹೊತ್ತು ನಡೆದದ್ದು ನನ್ನದೇ ತಪ್ಪು ಲೆಕ್ಕ.

ಸೋಲಾಪುರ ಜಿಲ್ಲೆ ಬಂದ ಮೇಲೆ ಎಲ್ಲ ಕಡೆ ಕಬ್ಬು. ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು, ಟೈರಿನ ಎತ್ತಿನ ಗಾಡಿಗಳು, ದಾರಿಯುದ್ದ ಬಿದ್ದ ಕಬ್ಬಿನ ಗಣಿಕೆಗಳು. ಮಾಳಶಿರಸದಿಂದ ವೇಳಾಪುರಕ್ಕೆ ಹೋಗುವಾಗ ಒಂದು ಗದ್ದೆಯ ಬದಿಯಲ್ಲಿ ಬೀಡ ಜಿಲ್ಲೆಯಿಂದ ಬಂದ ಕಡಿಯುವವರ ಗುಡಿಸಲುಗಳಿದ್ದವು. ಅವರಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಲೆಕ್ಕ. ಅದಕ್ಕೆ ಕೋಯತಾ ಅನ್ನುತ್ತಾರೆ, ಅಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರು. ಒಬ್ಬ ಹುಡುಗಿ, ಇಪ್ಪತ್ತೋ ಇಪ್ಪತ್ತೊಂದೋ, ಐದು ತಿಂಗಳ ಬಸುರಿ, ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಹಲಗೆಯ ಮೇಲೆ ಹತ್ತಿ ಟ್ರಕ್ಕಿಗೆ ಹಾಕುತ್ತಿದ್ದಳು. ನಾನು ನಿಂತುಬಿಟ್ಟೆ. ಕೆಲಸ ಬಿಡು ಅಂತ ಹೇಳಿದರೆ ಆಗುವುದಿಲ್ಲ. ಮುಂಗಡ ತೆಗೆದುಕೊಂಡು ಬಂದಿದ್ದಾರೆ. ಒಂದು ದಿನ ಬಿಟ್ಟರೆ ಕಡಿತ. ಬೀಡದಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಎಷ್ಟೋ ಜನ ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಅಂತ 2019ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತು. ಆಗ ಓದಿ ಮಡಚಿಟ್ಟಿದ್ದೆ. ಈಗ ಎದುರಿಗೆ ನೋಡಿದೆ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿತ್ತು, ರಕ್ತವೇ ಇಲ್ಲ. ನನ್ನ ಹತ್ತಿರವಿದ್ದ ಶೇಂಗಾ ಹಿಂಡಿ, ಬೆಲ್ಲ ಎಲ್ಲ ಕೊಟ್ಟೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಗುಳಿಗೆ ಪುಕ್ಕಟೆ ಸಿಗುತ್ತದೆ ಅಂತ ಅವಳಿಗೂ ಗಂಡನಿಗೂ ಮತ್ತೆ ಮತ್ತೆ ಹೇಳಿದೆ. ನನ್ನ ನಂಬರ್ ಕೊಟ್ಟು ಬಂದಿದ್ದೇನೆ. ಮೊನ್ನೆ ಫೋನ್ ಮಾಡಿದ್ದಳು, ಗುಳಿಗೆ ತಂದಿದ್ದಾಳಂತೆ. ಊರಲ್ಲಿ ಸಕ್ಕರೆ ಹಾಕಿ ಚಹಾ ಕುಡಿಯುವಾಗೆಲ್ಲ ನನಗೆ ಇನ್ನು ಅವಳು ನೆನಪಾಗುತ್ತಾಳೆ.

ಹನ್ನೊಂದನೆಯ ದಿನ ವಾಖರಿ ದಾಟಿ ಪಂಢರಪುರ. ಸಾಲಿನಲ್ಲಿ ನನ್ನ ಮುಂದೆ ಇಂಡಿ ಕಡೆಯ ಹೆಂಗಸರು, ಹಿಂದೆ ಮಂಗಳವೇಢೆಯವರು. ಸುತ್ತೆಲ್ಲ ಕನ್ನಡ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಜ್ಞಾನೇಶ್ವರರೇ ವಿಠ್ಠಲನನ್ನು ಕಾನಡಾ ಅಂತ ಕರೆದಿದ್ದಾರೆ. ಹೊಯ್ಸಳರ ಸೋಮೇಶ್ವರ ದೇವರ ನೈವೇದ್ಯಕ್ಕೆ ಒಂದು ಊರನ್ನೇ ಬಿಟ್ಟುಕೊಟ್ಟದ್ದು ಈ ಗುಡಿಯ ತೊಲೆಯ ಮೇಲಿನ 1237ರ ಶಾಸನದಲ್ಲಿದೆ.

ಇಲ್ಲಿ ಎಲ್ಲರೂ ದೇವರ ಪಾದದ ಮೇಲೆ ತಲೆ ಇಡಬಹುದು, ಜಾತಿ ಕೇಳುವುದಿಲ್ಲ. ಕೋಟಿಗಟ್ಟಲೆ ಹಣೆ ತಾಗಿ ಆ ಪಾದ ಸವೆದಿದೆ. ಅದಕ್ಕೇ ಕಲ್ಲು ಇನ್ನೂ ಸವೆಯದಂತೆ ಆಗಾಗ ವಜ್ರಲೇಪ ಅನ್ನುವ ಲೇಪ ಹಚ್ಚುತ್ತಾರೆ. ನನಗೆ ಸಿಕ್ಕದ್ದು ಎರಡು ಕ್ಷಣ. ಕಪ್ಪು ಕಲ್ಲು, ತುಳಸಿಯ ವಾಸನೆ, ಹಣೆಗೆ ತಣ್ಣಗೆ. ಅಜ್ಜ ಪ್ರತಿ ಆಷಾಢಕ್ಕೂ ನಡೆದು ಬಂದು ಹಣೆ ಇಟ್ಟದ್ದು ಇಲ್ಲೇ. ಬೇಡಿಕೊಳ್ಳಬೇಕು ಅಂತ ಏನೇನೋ ಅಂದುಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. ಆಮೇಲೆ ಹೊಳೆಗೆ ಇಳಿದು ಮಂಡಿ ತನಕ ನೀರಿನಲ್ಲಿ ನಿಂತೆ. ಇಲ್ಲಿ ಚಂದ್ರಭಾಗಾ ಅನ್ನುತ್ತಾರೆ, ನಮ್ಮ ಭೀಮೆಯೇ. ನಿನಗೆ ಫೋನ್ ಮಾಡಿದ್ದು ಅಲ್ಲಿಂದ.

ಹಣೆಗೆ ಹಚ್ಚುವ ಕಪ್ಪು ಬುಕ್ಕಾ, ಕುಂಕುಮ, ಚುರುಮುರಿ, ಬತ್ತಾಸು ಪಾರ್ಸಲ್ ಕಳಿಸಿದ್ದೇನೆ. ಬುಕ್ಕಾದ ಪುಡಿಕೆಯನ್ನು ಅಜ್ಜನ ಫೋಟೋ ಹತ್ತಿರ ಇಡು. ಶೇಂಗಾ ಹಿಂಡಿ ಮುಗಿದಿದೆ, ತಮ್ಮ ಬರುವಾಗ ಒಂದು ಡಬ್ಬಿ ಕಳಿಸು. ಮಾಘ ಏಕಾದಶಿಗೆ ನೀನೂ ಅಪ್ಪನೂ ಬಸ್ಸಿನಲ್ಲಿ ಪಂಢರಪುರಕ್ಕೆ ಬನ್ನಿ, ನಾನು ಮಗಳನ್ನು ಕರೆದುಕೊಂಡು ಇಲ್ಲಿಂದ ಬರುತ್ತೇನೆ. ವಾಖರಿಯಿಂದ ಗುಡಿಗೆ ಐದಾರು ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ನಾವು ಮೂವರು ಹೆಂಗಸರು ನಿಧಾನವಾಗಿ ನಡೆಯೋಣ. ನಿನ್ನ ಮೊಣಕಾಲು ನೋಯುತ್ತದೆ ಅಂದರೆ ದಾರಿಯಲ್ಲಿ ರಿಕ್ಷಾ ಸಿಗುತ್ತದೆ. ಬರುತ್ತೀಯೋ ಇಲ್ಲವೋ, ಅಪ್ಪನನ್ನು ಕೇಳಿ ಈ ಭಾನುವಾರ ಫೋನ್ ಮಾಡು. ಆವತ್ತು ನನಗೆ ರಜೆ.

ನಿನ್ನ ಮಗಳು